ಕನಕತ್ತೆಯ ಹಾಡು ಕೋಳಿ ಪದವಾದದ್ದು

ಹೋದ ತಿಂಗಳು ಬಸವೇಶ್ವರನಗರದಲ್ಲಿ ಒಂದು ಮದುವೆ ಮನೆಗೆ ಹೋಗಿದ್ದೆ. ಊಟದ ಹೊತ್ತಿಗೆ ಸಣ್ಣಗೆ ಮಳೆ ಹನಿಯಿತು. ಅಂಗಳದಲ್ಲಿ ಕಟ್ಟಿದ್ದ ಶಾಮಿಯಾನದ ದಪ್ಪ ಬಟ್ಟೆ ನೆನೆದು ಅದರಿಂದೊಂದು ವಾಸನೆ ಎದ್ದಿತು. ಹಳೆಯ ಧೂಳು, ಹಸಿ ಹಗ್ಗ, ಒದ್ದೆ ಮಣ್ಣು, ಎಲ್ಲಿಂದಲೋ ತೇಲಿಬಂದ ಬೀಡಿಯ ಹೊಗೆ, ಎಲ್ಲ ಸೇರಿದ ವಾಸನೆ. ಪಕ್ಕದಲ್ಲಿ ಕೂತಿದ್ದವರು ಸೆರಗನ್ನು ಮೂಗಿಗೆ ಹಿಡಿದುಕೊಂಡರು. ನಾನು ಮಾತ್ರ ಎಲೆಯ ಮುಂದೆ ಕೈ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟೆ. ಎಷ್ಟೋ ವರ್ಷಗಳ ಹಿಂದೆ ಮಾಗಡಿ ರಸ್ತೆಯ ಆಚೆ, ಆಗಿನ್ನೂ ರಾಗಿ ಹೊಲಗಳಿದ್ದ ಜಾಗದಲ್ಲಿ, ಒಂದು ಟೆಂಟ್ ಸಿನಿಮಾ ಇತ್ತು. ಮಳೆ ಬಂದ ಸಂಜೆ ಅದರೊಳಗೆ ಕೂತರೆ ಇದೇ ವಾಸನೆ. ಅಮ್ಮನ ಮಡಿಲಲ್ಲಿ ಹುರಿಗಡಲೆ ಪೊಟ್ಟಣ, ಅಪ್ಪನ ಖಾಕಿ ಅಂಗಿಯ ಎಣ್ಣೆ ಕಮಟು, ಕನಕತ್ತೆಯ ತುರುಬಿನ ಮರುಗ. ಆ ಮದುವೆ ಮನೆಯಲ್ಲಿ ನನ್ನ ಜೊತೆ ಕೂತು ಆ ವಾಸನೆಯನ್ನು ಗುರುತಿಸಬಲ್ಲವರು ಒಬ್ಬರೂ ಇರಲಿಲ್ಲ. ನಿಮಗೂ ಎಂದಾದರೂ ಹೀಗೆ ಆಗಿರಬೇಕು.

ನಾವಾಗ ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಹೆಂಚಿನ ಸಾಲು ಮನೆಗಳು, ನಡುವೆ ಕಲ್ಲು ಚಪ್ಪಡಿ ಹಾಸಿದ ಅಂಗಳ, ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಸೇರಿದ ಒಂದು ನಲ್ಲಿ. ಬೆಳಗಿನ ಜಾವ ನಲ್ಲಿಯಲ್ಲಿ ಮೊದಲು ಗಾಳಿ ಸಿಳ್ಳೆ ಹಾಕುತ್ತಿತ್ತು, ಆಮೇಲೆ ನೀರು ಬರುತ್ತಿತ್ತು, ಅದರ ಹಿಂದೆಯೇ ಹೆಂಗಸರ ಮಾತು ಶುರುವಾಗುತ್ತಿತ್ತು. ಅಪ್ಪ ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅಲ್ಲಿನ ಸೈರನ್ ಕೂಗಿದರೆ ನಮ್ಮ ಓಣಿಯಲ್ಲಿ ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಸಂಜೆ ಪಾಳಿ ಬಿಟ್ಟಾಗ ಲಗ್ಗೆರೆಯ ಕಡೆ ಹೋಗುವವರು, ಮಲ್ಲತ್ತಹಳ್ಳಿಯ ಕಡೆ ಹೋಗುವವರು, ಸೈಕಲ್ ಬೆಲ್ಲು ಬಾರಿಸಿಕೊಂಡು ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದರು. ಒಳಗೆ ಅಮ್ಮ ಸೌದೆ ಒಲೆಯ ಮೇಲೆ ಹುಳಿ ಕುದಿಸುತ್ತಿದ್ದಳು. ಕನಕತ್ತೆ ಹೊರಗಿನ ಕಿರುಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುತ್ತ ಸುಲಿಯುತ್ತ ಏನನ್ನೋ ಗುನುಗುತ್ತಿದ್ದಳು. ನಲ್ಲಿಯ ಕಡೆಯಿಂದ ಯಾರಾದರೂ ಬರುವುದು ಕಂಡರೆ ಗುನುಗು ನಿಂತುಹೋಗುತ್ತಿತ್ತು.

ಕನಕತ್ತೆ ಅಪ್ಪನ ಅಕ್ಕ. ಬಹಳ ವರ್ಷ ಒಂದು ನಾಟಕ ಕಂಪನಿಯಲ್ಲಿದ್ದವಳು. ಗಂಡನೂ ಅದೇ ಕಂಪನಿಯ ನಟ. ಯಾವುದೋ ಊರಿನ ಕ್ಯಾಂಪಿನಲ್ಲಿ ಜ್ವರ ಬಂದು ಆತ ತೀರಿಕೊಂಡ ಮೇಲೂ ಅವಳು ಕಂಪನಿ ಬಿಡಲಿಲ್ಲ. ಕಡೆಗೆ ಕಂಪನಿಯೇ ಮುಚ್ಚಿತು. ಪರದೆ, ಬೆಂಚು, ತಗಡು ಎಲ್ಲ ಹರಾಜಾದ ಮೇಲೆ ಒಂದು ಹಾಸಿಗೆ ಸುರುಳಿ ಹಿಡಿದು ತಮ್ಮನ ಮನೆಗೆ ಬಂದಳು. ಇದೆಲ್ಲ ನನಗೆ ಗೊತ್ತಿದ್ದದ್ದು ಅತ್ತೆ ನನಗೆ ತಲೆ ಬಾಚುವಾಗ ಹೇಳುತ್ತಿದ್ದ ಕಥೆಗಳಿಂದ. ವಠಾರದಲ್ಲಿ ಇನ್ನು ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ಅಮ್ಮ, ನಮ್ಮ ಯಜಮಾನರ ಅಕ್ಕ, ಊರಿಂದ ಬಂದಿದಾರೆ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದಳು. ಅಮ್ಮ ಕೆಟ್ಟವಳಲ್ಲ. ಆ ಕಾಲದಲ್ಲಿ ನಾಟಕದ ಹೆಂಗಸು ಅಂದರೆ ಜನ ಒಂದು ಥರ ನೋಡುತ್ತಿದ್ದರು. ಮನೆ ಓನರ್ ಏನೆನ್ನುತ್ತಾನೋ, ನಾಳೆ ಮಗಳಿಗೆ ಸಂಬಂಧ ಹುಡುಕುವಾಗ ಯಾರು ಏನು ಕೇಳುತ್ತಾರೋ ಎಂಬ ಭಯ ಅವಳದು. ಅತ್ತೆಗೂ ಅದು ಅರ್ಥವಾಗಿತ್ತು. ಹಾಡನ್ನು ಗಂಟಲಲ್ಲೇ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

ಅತ್ತೆಗೆ ಹೆಸರು ತಂದ ನಾಟಕ ‘ಕುಂಕುಮಗಿರಿಯ ರಾಣಿ’. ಕಥೆಯನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ ನನಗೆ ಅದರ ಪ್ರತಿ ಪರದೆಯೂ ಕಣ್ಣಿಗೆ ಕಟ್ಟಿತ್ತು. ರಾಣಿಯ ಒಬ್ಬನೇ ಮಗ ಯುದ್ಧಕ್ಕೆ ಹೋಗುತ್ತಾನೆ. ಯುದ್ಧ ಗೆದ್ದ ಸುದ್ದಿ ಬರುತ್ತದೆ, ಊರಿಗೆ ಊರೇ ಬೀದಿಗಿಳಿದು ಕುಣಿಯುತ್ತದೆ. ಮಗ ಸತ್ತ ಸುದ್ದಿ ಮಾತ್ರ ಒಬ್ಬ ದೂತನ ಬಾಯಲ್ಲಿ ಅರಮನೆಯ ಒಳಗೆ ಬರುತ್ತದೆ. ರಾಣಿ ಅದನ್ನು ನಂಬುವುದಿಲ್ಲ. ಬಾಗಿಲ ಕಡೆ ನೋಡುತ್ತ ಕೂತು ಹಾಡುತ್ತಾಳೆ: ‘ಬಾಗಿಲು ತೆರೆದಿದೆ ಕಂದಾ, ದೀಪ ಇನ್ನೂ ಆರಿಲ್ಲ.’ ಆ ಹಾಡು ಮುಗಿಯುವ ಹೊತ್ತಿಗೆ ನಾಟಕದ ಟೆಂಟಿನ ಹೆಂಗಸರ ಸಾಲಿನಲ್ಲಿ ಒಣಗಿದ ಸೆರಗು ಒಂದೂ ಇರುತ್ತಿರಲಿಲ್ಲವಂತೆ. ಹಾಡುವಾಗ ಎಲ್ಲ ನಟಿಯರೂ ಬಲಗೈ ಚಾಚುವುದು ವಾಡಿಕೆ. ಅತ್ತೆ ಒಮ್ಮೆ ರಂಗದ ಮೆಟ್ಟಿಲಿನಿಂದ ಬಿದ್ದು ಬಲಭುಜ ಮುರಿದುಕೊಂಡಿದ್ದಳು, ಅದು ಮತ್ತೆ ಸರಿಯಾಗಿ ಮೇಲೇಳಲಿಲ್ಲ. ಹಾಗಾಗಿ ಅವಳು ಎಡಗೈ ಎತ್ತಿ, ಬೆರಳುಗಳನ್ನು ಅರ್ಧ ಮಡಿಸಿ, ಇಲ್ಲದ ಮಗುವಿನ ಗಲ್ಲ ಹಿಡಿಯುವಂತೆ ಗಾಳಿಯಲ್ಲಿ ನಿಲ್ಲಿಸುತ್ತಿದ್ದಳು. ನನ್ನ ತಲೆ ಬಾಚುವಾಗ ಎಷ್ಟೋ ಸಲ ಹಾಗೆ ತೋರಿಸಿದ್ದಾಳೆ, ಬಾಚಣಿಗೆ ಕೈಯಲ್ಲೇ ಇರುತ್ತಿತ್ತು.

ನಾನು ಮಿಡಲ್ ಸ್ಕೂಲಿನಲ್ಲಿದ್ದಾಗ ಟೆಂಟಿಗೆ ‘ಭಲೇ ಬಾಡಿಗೆದಾರ’ ಅಂತ ಒಂದು ಸಿನಿಮಾ ಬಂತು. ನಗಿಸುವ ಸಿನಿಮಾ ಎಂದು ಕಾರ್ಖಾನೆಯಲ್ಲೆಲ್ಲ ಮಾತಾಗಿತ್ತು. ಒಂದು ಭಾನುವಾರ ಅಪ್ಪ ಎಲ್ಲರನ್ನೂ ಕರೆದುಕೊಂಡು ಹೋದರು. ನಾವು ಹೆಂಗಸರ ಕಡೆ ನೆಲದಲ್ಲಿ ಕೂತೆವು, ಅಪ್ಪ ಆ ಕಡೆ ಬೆಂಚಿನ ಮೇಲೆ. ಅದರಲ್ಲೊಬ್ಬ ಜಿಪುಣ ಮನೆಮಾಲೀಕ. ಹಬ್ಬದ ದಿನ ಕೊಯ್ಯಲು ಸಾಕಿದ್ದ ಅವನ ಹುಂಜ ತಪ್ಪಿಸಿಕೊಂಡು ಹೋಗುತ್ತದೆ. ಆತ ಹೆಂಡತಿಯ ರೇಷ್ಮೆ ಸೀರೆ ಹೊದ್ದುಕೊಂಡು, ತಲೆಯ ಮೇಲೆ ಸೆರಗೆಳೆದುಕೊಂಡು, ಕೋಳಿಗೂಡಿನ ಮುಂದೆ ಕೂತು ನಾಟಕದ ರಾಣಿಯ ಹಾಗೆ ಎದೆ ಬಡಿದುಕೊಂಡು ಹಾಡುತ್ತಾನೆ: ‘ಬಾಗಿಲು ತೆರೆದಿದೆ ಕಂದಾ, ಮಸಾಲೆ ಇನ್ನೂ ಅರೆದಿಲ್ಲ.’ ಟೆಂಟು ಹಾರಿಹೋಗುವ ಹಾಗೆ ಜನ ನಕ್ಕರು. ಬೆಂಚಿನವರು ಬೆಂಚು ಗುದ್ದಿದರು. ಅಮ್ಮ ನಗು ತಡೆಯಲಾರದೆ ಪಕ್ಕದವರ ಹೆಗಲ ಮೇಲೆ ತಲೆಯಿಟ್ಟಳು. ಸುತ್ತಲಿನವರ ಜೊತೆ ನಾನೂ ನಕ್ಕೆ, ಆಮೇಲೆ ಅದು ಯಾವ ಹಾಡೆಂದು ಹೊಳೆದು ತಿರುಗಿ ಅತ್ತೆಯ ಮುಖ ನೋಡಿದೆ. ಪರದೆಯ ಬೆಳಕು ಅವಳ ಮುಖದ ಮೇಲೆ ಓಡಾಡುತ್ತಿತ್ತು. ಅವಳು ನಗಲಿಲ್ಲ, ಅಳಲೂ ಇಲ್ಲ. ಒಂದೇ ಸಮ ಆ ನಟ ಎತ್ತಿದ್ದ ಕೈಯನ್ನು ನೋಡುತ್ತಿದ್ದಳು.

ಮನೆಗೆ ನಡೆದು ಬರುವಾಗ ಅಪ್ಪ ಅಮ್ಮ ಮುಂದೆ, ನಾನು ಅತ್ತೆ ಹಿಂದೆ. ಅತ್ತೆಗೆ ಬೇಜಾರಾಗಿರಬೇಕೆಂದು ನಾನು ಅವಳ ಕೈ ಹಿಡಿದುಕೊಂಡಿದ್ದೆ. ಅವಳು ಮಾತ್ರ ಬೇರೇನನ್ನೋ ಯೋಚಿಸುತ್ತಿದ್ದಳು.

“ಅವನು ನಮ್ಮ ನಾಟಕ ನೋಡಿದಾನೆ ಕಣೇ,” ಎಂದಳು. “ನೋಡ್ದೆ ಇರೋನು ಹಂಗೆ ಎಡಗೈ ಎತ್ತೋಕಾಗಲ್ಲ. ಅದು ನನ್ನ ಕೈ.”

ಅವಳ ದನಿಯಲ್ಲಿ ಇದ್ದದ್ದು ನೋವೋ ಸಂತೋಷವೋ ನನಗೆ ಆಗ ತಿಳಿಯಲಿಲ್ಲ. ಎರಡೂ ಇತ್ತೆಂದು ಈಗ ಅನ್ನಿಸುತ್ತದೆ. ಯಾವುದೋ ಊರಿನಲ್ಲಿ, ಯಾವುದೋ ಸಂಜೆ, ಇನ್ನೂ ಹುಡುಗನಾಗಿದ್ದ ಆ ನಟ ಜನರ ನಡುವೆ ಕೂತು ಅವಳನ್ನು ಅಷ್ಟು ಗಮನವಿಟ್ಟು ನೋಡಿದ್ದ. ಬೆರಳು ಮಡಿಸುವುದನ್ನೂ ಮರೆತಿರಲಿಲ್ಲ. ಲೇವಡಿ ಮಾಡಬೇಕಾದರೂ ಅಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕಲ್ಲ. ಆದರೆ ಟೆಂಟಿನಲ್ಲಿ ನಕ್ಕವರಿಗೆ ಅದೇನೂ ಗೊತ್ತಿರಲಿಲ್ಲ. ಅವರಿಗೆ ಅದು ಕೋಳಿ ಪದ ಅಷ್ಟೆ.

ಕೋಳಿ ಪದ ಊರೆಲ್ಲ ಹಬ್ಬಿತು. ಹೋಟೆಲಿನಲ್ಲಿ ರೆಕಾರ್ಡು ಹಾಕುತ್ತಿದ್ದರು, ಮದುವೆ ಮನೆಯ ಮೈಕಿನಲ್ಲಿ ಹಾಕುತ್ತಿದ್ದರು. ಬಸ್ಸಿಗೆ ಕಾದು ನಿಂತ ಹುಡುಗರು ಬಸ್ಸು ಬರುವುದು ತಡವಾದರೆ ಬಾಗಿಲು ತೆರೆದಿದೆ ಕಂದಾ ಎಂದು ರಾಗ ಎಳೆಯುತ್ತಿದ್ದರು. ನಮ್ಮ ವಠಾರದ ಮಕ್ಕಳು ಸಂಜೆಯಾದರೆ ಟವಲು ಹೊದ್ದುಕೊಂಡು ಅದೇ ಆಟ. ಒಬ್ಬ ರಾಣಿ, ಒಬ್ಬ ಹುಂಜ. ಅವರು ಹಾಗೆ ಆಡುವಾಗ ಅತ್ತೆ ಜಗಲಿ ಬಿಟ್ಟು ಒಳಗೆ ಬಂದು ಕೂರುತ್ತಿದ್ದಳು. ಗುನುಗುವುದನ್ನೂ ಬಿಟ್ಟಳು. ತಲೆ ಬಾಚುವಾಗ ಆ ನಾಟಕದ ಕಥೆ ಹೇಳು ಎಂದರೆ, ಬೇಡ ಬಿಡು, ನಿನಗೆ ನಗು ಬರುತ್ತೆ ಅನ್ನುತ್ತಿದ್ದಳು. ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಒಂದು ಸದ್ದು ನಿಂತುಹೋಯಿತು. ಇದ್ದಾಗ ಗಮನಿಸದಿದ್ದ ಅಮ್ಮನಿಗೂ ಅದು ನಿಂತದ್ದು ತಿಳಿಯಿತೆಂದು ಕಾಣುತ್ತದೆ. ಒಮ್ಮೊಮ್ಮೆ ಒಲೆಯ ಮುಂದಿನಿಂದ ಎದ್ದು ಬಂದು ಜಗಲಿಯ ಕಡೆ ನೋಡಿ ಹೋಗುತ್ತಿದ್ದಳು.

ನವೆಂಬರು ಹತ್ತಿರ ಬಂತು. ನಮ್ಮ ಬಡಾವಣೆಯ ಯುವಕರ ಸಂಘದವರು ಪ್ರತಿ ವರ್ಷ ಮೈದಾನದಲ್ಲಿ ರಾಜ್ಯೋತ್ಸವ ಮಾಡುತ್ತಿದ್ದರು. ಬಾವುಟ, ಭಾಷಣ, ಆರ್ಕೆಸ್ಟ್ರಾ, ಕೊನೆಗೊಂದು ನಾಟಕವೋ ಪ್ರಹಸನವೋ. ಸಂಘದ ಕಾರ್ಯದರ್ಶಿ ಲಿಂಗರಾಜಣ್ಣ, ಅಪ್ಪನ ಕಾರ್ಖಾನೆಯಲ್ಲೇ ಕೆಲಸ, ಮಾಗಡಿ ಕಡೆಯವರು. ಬೆಲ್ ಬಾಟಮ್ ಪ್ಯಾಂಟು, ಉದ್ದ ಕ್ರಾಪು, ಮಾತಿಗೆ ನಿಂತರೆ ಬಾಯ್ತುಂಬ ನಗು. ಒಂದು ಸಂಜೆ ಅವರು ಬಾಗಿಲಲ್ಲಿ ನಿಂತು ಅಮ್ಮನನ್ನು ಒಂದು ಹಳೇ ರೇಷ್ಮೆ ಸೀರೆ ಕೇಳಿದರು. ಈ ಸಲ ಸಂಘದ ಹುಡುಗರು ಕೋಳಿ ಸೀನು ಮಾಡುತ್ತಾರಂತೆ, ಅದಕ್ಕೆ ಸೀರೆ ಬೇಕಂತೆ. ಅಮ್ಮ ಏನೋ ಹೇಳುವುದರೊಳಗೆ ಒಳಗಿನಿಂದ ಅತ್ತೆಯ ದನಿ ಬಂತು.

“ಅದು ಕೋಳಿ ಪದ ಅಲ್ಲಪ್ಪ. ಅದು ನಂದು.”

ಅತ್ತೆ ಹೊಸಿಲ ಮೇಲೆ ಬಂದು ನಿಂತಿದ್ದಳು. ಅಮ್ಮನ ಮುಖ ಬಿಳಿಚಿತು. ಅತ್ತೆ ಅಮ್ಮನ ಕಡೆ ನೋಡದೆ ಕಂಪನಿಯ ಹೆಸರು ಹೇಳಿದಳು, ನಾಟಕದ ಹೆಸರು ಹೇಳಿದಳು, ತಾನು ಯಾರೆಂದೂ ಹೇಳಿದಳು. ಲಿಂಗರಾಜಣ್ಣನ ನಗು ಮೆಲ್ಲಗೆ ಇಳಿಯಿತು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತರು. ಚಿಕ್ಕವರಿದ್ದಾಗ ಅವರ ತಾಯಿ ಅವರನ್ನು ಕಂಕುಳಲ್ಲಿ ಎತ್ತಿಕೊಂಡು ಆ ನಾಟಕಕ್ಕೆ ಹೋಗಿದ್ದರಂತೆ. ಕಥೆ ಏನೂ ನೆನಪಿಲ್ಲ, ತಾಯಿ ಬಿಕ್ಕಿ ಬಿಕ್ಕಿ ಅತ್ತದ್ದು, ಅವರ ಎದೆ ಅಲುಗಿದ್ದು ಮಾತ್ರ ನೆನಪಿದೆಯಂತೆ.

“ನಮ್ಮವ್ವ ಆವತ್ತು ಮನೆಗ್ ಬಂದು ಊಟ ಮಾಡ್ಲಿಲ್ಲ ಕಣಮ್ಮ,” ಎಂದರು ಲಿಂಗರಾಜಣ್ಣ. “ಅದೇ ಪದಕ್ಕೆ ನಾನು ಟೆಂಟಲ್ಲಿ ಬೆಂಚು ಗುದ್ಕೊಂಡು ನಕ್ಕಿದೀನಿ. ಗೊತ್ತೇ ಆಗ್ಲಿಲ್ಲ ನೋಡಿ.”

ಅಲ್ಲೇ ಕೂತು ಅವರು ಇನ್ನೊಂದು ಮಾತು ಕೇಳಿದರು. ಕೋಳಿ ಸೀನು ಬಿಟ್ಟು ರಾಣಿಯ ಸೀನನ್ನೇ ಮಾಡೋಣ, ನೀವೇ ಮಾಡಿ, ಅಂತ.

ಎರಡು ಮೂರು ದಿನ ಮನೆಯಲ್ಲಿ ಅದೇ ಮಾತು. ಅಪ್ಪ ಒಪ್ಪಲಿಲ್ಲ. ನಾಟಕದವಳೆಂದು ಗೊತ್ತಾಗುತ್ತದೆ ಎಂಬುದು ಅವರ ಚಿಂತೆಯಲ್ಲ, ಅದಾಗಲೇ ಗೊತ್ತಾಗಿತ್ತು. ಜನ ಕೋಳಿ ಪದ ಕೇಳಿ ಕೇಳಿ ಬಂದಿದ್ದಾರೆ, ಅಕ್ಕ ಮೊದಲ ಸಾಲು ಹಾಡಿದರೆ ಸಾಕು, ಬಿದ್ದು ಬಿದ್ದು ನಗುತ್ತಾರೆ, ಆಮೇಲೆ ಅವಳು ಏನು ಮಾಡಿದರೂ ಅದು ಕೋಳಿಯೇ ಆಗುತ್ತದೆ ಎಂದರು. ಸಂಘದಲ್ಲೂ ಅದೇ ಮಾತಾಗಿತ್ತಂತೆ. ಹುಡುಗರು ಲಿಂಗರಾಜಣ್ಣನಿಗೆ, ಗುರು, ಸುಮ್ನೆ ಅವಮಾನ ಯಾಕೆ ಆ ವಯಸ್ಸಾದವ್ರಿಗೆ ಅಂದಿದ್ದರಂತೆ. ಅತ್ತೆ ತನ್ನ ಪಾಡಿಗೆ ಅವರೆಕಾಯಿ ಸುಲಿಯುತ್ತಿದ್ದಳು. ಊಟಕ್ಕೆ ಕೂತಾಗ ಅಪ್ಪ ಮತ್ತೆ ಅದನ್ನೇ ತೆಗೆದರು. ಅಮ್ಮ ಅನ್ನ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

“ಇಷ್ಟು ವರ್ಷ ನಾನೇ ಅವರ ಬಾಯಿ ಮುಚ್ಚಿಸಿದ್ದು,” ಎಂದಳು. “ಇನ್ನು ಸಾಕು. ಅತ್ತಿಗೆ ಹಾಡ್ಲಿ.”

ಊಟ ಮುಗಿದ ಮೇಲೆ ಅಮ್ಮ ತನ್ನ ಧಾರೆ ಸೀರೆಯನ್ನು ತೆಗೆದು ಅತ್ತೆಯ ಹಾಸಿಗೆಯ ಮೇಲಿಟ್ಟಳು. ಅರಿಶಿನ ಬಣ್ಣಕ್ಕೆ ಕೆಂಪು ಅಂಚಿನ ಸೀರೆ. ಯಾರಿಗಾದರೂ ಒಂದು ಹಳೇ ಸೀರೆ ಕೊಡಲೂ ಹಿಂದೆ ಮುಂದೆ ನೋಡುತ್ತಿದ್ದವಳು ಅದನ್ನು ಕೊಟ್ಟಳು.

ರಾಣಿಯ ಜೊತೆ ರಂಗದ ಮೇಲೆ ಒಬ್ಬ ದಾಸಿ ಬೇಕು. ವಠಾರದ ಯಾವ ಮನೆಯವರೂ ಮಗಳನ್ನು ಕಳಿಸುವವರಲ್ಲ. ಆ ಪಾತ್ರ ನನಗೆ ಬಂತು. ನನ್ನದು ಒಂದೇ ಮಾತು: ‘ರಾಣಿಯಮ್ಮಾ, ಊರೆಲ್ಲ ಬೀದಿಯಲ್ಲಿದೆ.’ ಅದನ್ನು ಹೇಳಿ ರಾಣಿಯ ಕಾಲ ಬಳಿ ಕೂರಬೇಕು, ಅಷ್ಟೇ. ಸಂಘದ ಹಾರ್ಮೋನಿಯಂ ಮೇಷ್ಟ್ರು ಸಂಜೆ ಸಂಜೆ ಮನೆಗೆ ಬರತೊಡಗಿದರು. ಅತ್ತೆಯ ದನಿ ಮೊದಲ ದಿನ ಒಡೆಯಿತು, ಎರಡನೆಯ ದಿನವೂ ಒಡೆಯಿತು. ಅಮ್ಮ ಮೆಣಸು ಶುಂಠಿ ಹಾಕಿ ಕಷಾಯ ಕಾಸಿ ಕೊಟ್ಟಳು. ಒಂದು ವಾರ ಕಳೆಯುವ ಹೊತ್ತಿಗೆ ಗಂಟಲು ಬಿಟ್ಟುಕೊಂಡಿತು. ಆ ದನಿ ಹೇಗಿತ್ತೆಂದು ನಿಮಗೆ ಹೇಗೆ ಹೇಳಲಿ? ಇಂಪಾದ ದನಿಯಲ್ಲ. ಸ್ವಲ್ಪ ಒರಟು, ಸ್ವಲ್ಪ ಮೂಗಿನದು. ಮೈಕಿಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿನವನಿಗೆ ಮುಟ್ಟಿಸಿ ಮುಟ್ಟಿಸಿ ಗಟ್ಟಿಯಾದ ದನಿ. ಅದು ಶುರುವಾದರೆ ನಲ್ಲಿಯ ಹತ್ತಿರ ನಿಂತ ಹೆಂಗಸರು ಕೊಡ ತುಂಬಿ ಹರಿದರೂ ಹಾಗೇ ನಿಂತಿರುತ್ತಿದ್ದರು. ಆದರೂ ಅವರ ಮಕ್ಕಳು ಮೊದಲ ಸಾಲಿಗೇ ಕಿಸಕ್ಕನೆ ನಗುತ್ತಿದ್ದವು. ಅತ್ತೆ ಅದನ್ನು ಕೇಳಿಸಿಕೊಂಡೂ ಕೇಳದವಳ ಹಾಗೆ ಹಾಡು ಮುಂದುವರಿಸುತ್ತಿದ್ದಳು.

ರಾಜ್ಯೋತ್ಸವದ ಸಂಜೆ ಮೈದಾನ ತುಂಬಿತ್ತು. ಕಾಮಾಕ್ಷಿಪಾಳ್ಯದವರು, ವಿಜಯನಗರದವರು, ಲಗ್ಗೆರೆಯಿಂದ ಗಾಡಿ ಕಟ್ಟಿಕೊಂಡು ಬಂದವರು. ಮುಂದೆ ನೆಲದಲ್ಲಿ ಮಕ್ಕಳು, ಅವರ ಹಿಂದೆ ಜಮಖಾನದ ಮೇಲೆ ಹೆಂಗಸರು, ಆಮೇಲೆ ನಿಂತ ಗಂಡಸರು. ಕಡಲೆಕಾಯಿ ಸಿಪ್ಪೆ ಕಾಲಡಿ ಚರಚರ ಅನ್ನುತ್ತಿತ್ತು. ಭಾಷಣಗಳು ಮುಗಿದವು, ಆರ್ಕೆಸ್ಟ್ರಾದವರು ಹಾಡಿ ಜನರನ್ನು ಕುಣಿಸಿದರು. ಅದು ಮುಗಿದ ಕೂಡಲೇ ನಮ್ಮದು. ಪರದೆಯ ಹಿಂದೆ ಅತ್ತೆ ಅಮ್ಮನ ಸೀರೆಯುಟ್ಟು, ಮುಖಕ್ಕೆ ತಾನೇ ಬಣ್ಣ ಹಚ್ಚಿಕೊಂಡು, ಮರದ ಕುರ್ಚಿಯ ಮೇಲೆ ಕೂತಿದ್ದಳು. ನಾನು ಪರದೆಯ ಸಂದಿನಿಂದ ಜನರನ್ನು ಇಣುಕಿ ಇಣುಕಿ ನೋಡುತ್ತಿದ್ದೆ. ಅವಳು ನನ್ನ ಜಡೆ ಸರಿಮಾಡಿ, ನೀನು ಜನರನ್ನ ನೋಡ್ಬೇಡ, ನನ್ನನ್ನ ನೋಡು ಎಂದಳು. ಲಿಂಗರಾಜಣ್ಣ ಮೈಕಿನಲ್ಲಿ ನಾಟಕದ ಹೆಸರು ಹೇಳಿ, ರಾಣಿಯ ಮಗ ಯುದ್ಧದಲ್ಲಿ ತೀರಿಕೊಂಡಿದ್ದಾನೆ, ಯುದ್ಧ ಮಾತ್ರ ಗೆದ್ದಿದೆ ಎಂದು ಕಥೆಯನ್ನು ನಾಲ್ಕು ಮಾತಲ್ಲಿ ಹೇಳಿ ಪರದೆ ಎಳೆಸಿದರು.

ನಾನು ನನ್ನ ಮಾತು ಹೇಳಿ ಅವಳ ಕಾಲ ಬಳಿ ಕೂತೆ. ಹಾರ್ಮೋನಿಯಂ ಶ್ರುತಿ ಕೊಟ್ಟಿತು. ಅತ್ತೆ ಎಡಗೈ ಮೆಲ್ಲಗೆ ಎತ್ತಿ ಮೊದಲ ಸಾಲು ಹಾಡಿದಳು.

‘ಬಾಗಿಲು ತೆರೆದಿದೆ ಕಂದಾ...’

ಇಡೀ ಮೈದಾನ ಒಂದೇ ಸಲಕ್ಕೆ ನಕ್ಕಿತು. ಅಂಥ ನಗುವನ್ನು ರಂಗದ ಮೇಲಿನಿಂದ ಕೇಳಿದವರಿಗೇ ಗೊತ್ತು, ಅದು ಗಾಳಿಯ ಹಾಗೆ ಬಂದು ಮೈಗೆ ಹೊಡೆಯುತ್ತದೆ. ಹಿಂದಿನಿಂದ ಒಬ್ಬ, ಮಸಾಲೆ ಇನ್ನೂ ಅರೆದಿಲ್ಲ ಎಂದು ಸಾಲು ಪೂರ್ತಿ ಮಾಡಿದ. ಇನ್ನೊಬ್ಬ ಹುಂಜದ ಹಾಗೆ ಕೂಗಿದ. ಮಕ್ಕಳು ಎದ್ದು ನಿಂತು ಕುಣಿದರು. ಹಾರ್ಮೋನಿಯಂ ನಿಂತುಹೋಯಿತು. ಪಕ್ಕದಲ್ಲಿ ಪರದೆಯ ಹಗ್ಗ ಹಿಡಿದಿದ್ದವನು ಎಳೆಯಲೋ ಬೇಡವೋ ಎಂದು ಲಿಂಗರಾಜಣ್ಣನ ಮುಖ ನೋಡಿದ. ನಿಂತಿದ್ದ ಗಂಡಸರ ಮೊದಲ ಸಾಲಿನಲ್ಲಿ ಅಪ್ಪ ತಲೆ ತಗ್ಗಿಸಿದ್ದು ನನಗೆ ಕಂಡಿತು. ತನ್ನನ್ನೇ ನೋಡು ಎಂದಿದ್ದಳಲ್ಲ, ಅತ್ತೆಯ ಕಡೆ ತಿರುಗಿದೆ.

ಅವಳ ಕೈ ಎತ್ತಿದಲ್ಲೇ ಇತ್ತು. ನಗುವನ್ನು ಅವಳು ಕೇಳಿಸಿಕೊಳ್ಳುತ್ತಿದ್ದಳು. ಅರಮನೆಯ ಕಿಟಕಿಯಿಂದ ಬೀದಿಯ ಗದ್ದಲ ಕೇಳುವ ಹಾಗೆ ತಲೆಯನ್ನು ಒಂದಿಷ್ಟು ವಾಲಿಸಿ, ಮೈದಾನದ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು. ಆಮೇಲೆ ನನ್ನ ಕಡೆ ಬಗ್ಗಿ, ರಾಣಿಯ ದನಿಯಲ್ಲಿ, ಕಡೆಯ ಸಾಲಿನವನಿಗೂ ಕೇಳುವಂತೆ ಹೇಳಿದಳು.

“ನಗಲಿ ಬಿಡೇ. ಊರಿನವರಿಗೆ ಗೆದ್ದ ಸುದ್ದಿ ಮಾತ್ರ ಬಂದಿದೆ. ನನ್ನ ಕಂದನದು ಇನ್ನೂ ಗೊತ್ತಿಲ್ಲ.”

ಇದು ನಾಟಕದಲ್ಲಿ ಇರಲಿಲ್ಲ. ನಾವು ಒಮ್ಮೆಯೂ ಹೇಳಿಕೊಂಡ ಮಾತಲ್ಲ. ನಗು ಪೂರ್ತಿ ನಿಲ್ಲಲಿಲ್ಲ, ಆದರೆ ನಡುವೆ ಎಲ್ಲೋ ಎಡವಿತು. ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ನಾನು ಏನಾದರೂ ಹೇಳಲೇಬೇಕಿತ್ತು. ಎಲ್ಲಿಂದ ಬಂತೋ ಗೊತ್ತಿಲ್ಲ, ನನ್ನ ಬಾಯಿಂದ ಬಂತು.

“ಯಾರು ಹೋಗಿ ಹೇಳಬೇಕು, ಅಮ್ಮಾ?”

“ನಾನೇ ಹೇಳುತ್ತೇನೆ,” ಎಂದಳು ಅತ್ತೆ.

ಕುರ್ಚಿ ಬಿಟ್ಟು ಎದ್ದಳು. ರಂಗದ ಅಂಚಿಗೆ, ಮಕ್ಕಳ ಮುಖಗಳು ಕೈಗೆಟುಕುವಷ್ಟು ಮುಂದಕ್ಕೆ ಬಂದಳು. ಹಾರ್ಮೋನಿಯಂಗೆ ಕಾಯಲಿಲ್ಲ. ಅದೇ ಸಾಲನ್ನು ಮೊದಲಿನಿಂದ ಹಾಡಿದಳು, ಈ ಸಲ ನೆರೆದಿದ್ದ ಜನರಿಗೇ ಹೇಳುವ ಹಾಗೆ. ಬಾಗಿಲು ತೆರೆದಿದೆ ಕಂದಾ, ದೀಪ ಇನ್ನೂ ಆರಿಲ್ಲ. ಹಿಂದೆ ಯಾರೋ ಹುಂಜದ ಕೂಗು ಶುರು ಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ಎರಡನೆಯ ಸಾಲಿನ ಹೊತ್ತಿಗೆ ಕುಣಿಯುತ್ತಿದ್ದ ಮಕ್ಕಳು ಕೂತವು. ಆಮೇಲೆ ಮೈದಾನದಲ್ಲಿ ಆ ಒರಟು ದನಿ ಬಿಟ್ಟರೆ ಬೇರೇನೂ ಇರಲಿಲ್ಲ. ಈಗಷ್ಟೇ ನಕ್ಕವರೆಲ್ಲ, ಸುದ್ದಿ ತಿಳಿಯದೆ ನಕ್ಕ ಕುಂಕುಮಗಿರಿಯ ಜನರಾಗಿಬಿಟ್ಟಿದ್ದರು. ಅವರ ನಗುವನ್ನೇ ಅವಳು ನಾಟಕದೊಳಕ್ಕೆ ಎಳೆದುಕೊಂಡಿದ್ದಳು. ತಮ್ಮ ಮನೆಯ ಸಾವನ್ನು ತಾವೇ ತಡವಾಗಿ ಕೇಳಿದವರ ಹಾಗೆ ಅವರು ಕೂತಿದ್ದರು. ಜಮಖಾನದ ಮೇಲೆ ಒಬ್ಬ ಮುದುಕಿ ಜೋರಾಗಿ ಅತ್ತುಬಿಟ್ಟಳು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಲಿಂಗರಾಜಣ್ಣ ಪರದೆಯ ಕಂಬಕ್ಕೆ ಹಣೆ ಒತ್ತಿ ನಿಂತಿದ್ದರು.

ಪರದೆ ಬಿತ್ತು. ಆಮೇಲೆ ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ. ಗಂಡಸರು ಒನ್ಸ್ ಮೋರ್, ಒನ್ಸ್ ಮೋರ್ ಎಂದು ಕೂಗತೊಡಗಿದರು. ಅತ್ತೆ ಒಳಗೆ ಕುರ್ಚಿಯ ಬೆನ್ನು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. ಅವಳ ಮುಖದ ಬಣ್ಣ ಬೆವರಿಗೆ ಹರಿದಿತ್ತು. ಮತ್ತೆ ಹಾಡಲು ಆಗುತ್ತದಾ ಎಂದು ಮೇಷ್ಟ್ರು ಕೇಳಿದರು. ಅವಳು ನೀರು ಕುಡಿದು, ಪರದೆ ತೆಗೆಸಿ ಅಂದಳು.

ಜನ ಮತ್ತೆ ಅಳಲು ಸಿದ್ಧರಾಗಿ ಕೂತಿದ್ದರು. ಅತ್ತೆ ಅವರನ್ನೆಲ್ಲ ಒಮ್ಮೆ ನೋಡಿ ಮುಗುಳ್ನಕ್ಕಳು. ಸೆರಗನ್ನು ಸರ್ರನೆ ತಲೆಯ ಮೇಲೆ ಎಳೆದುಕೊಂಡು, ಆ ಸಿನಿಮಾ ನಟ ಕೂತ ಹಾಗೆಯೇ ಕುಕ್ಕರಗಾಲಿನಲ್ಲಿ ಕೂತು, ಅವನಂತೆಯೇ ಎದೆ ಬಡಿದುಕೊಂಡು ಹಾಡಿದಳು: ‘ಬಾಗಿಲು ತೆರೆದಿದೆ ಕಂದಾ, ಮಸಾಲೆ ಇನ್ನೂ ಅರೆದಿಲ್ಲ.’ ಮೈದಾನ ಸಿಡಿಯಿತು. ಕಣ್ಣೀರು ಒರೆಸಿಕೊಳ್ಳದೆಯೇ ಜನ ನಕ್ಕರು. ಮೊದಲು ನಕ್ಕದ್ದಕ್ಕೂ ಈ ನಗುವಿಗೂ ಎಷ್ಟು ಅಂತರವಿತ್ತೆಂದು ಅಲ್ಲಿದ್ದ ಮಕ್ಕಳಿಗೂ ತಿಳಿಯಿತು. ಆ ನಟ ತನ್ನಿಂದ ತೆಗೆದುಕೊಂಡದ್ದನ್ನು ಅವಳು ಅವನಿಂದ ಬಡ್ಡಿಸಮೇತ ವಾಪಸು ತೆಗೆದುಕೊಂಡಳು. ಅಪ್ಪ ಸಿಳ್ಳೆ ಹೊಡೆದರು. ಅಪ್ಪನಿಗೆ ಸಿಳ್ಳೆ ಹೊಡೆಯಲು ಬರುತ್ತದೆಂದು ನನಗೆ ಗೊತ್ತಾದದ್ದೇ ಆವತ್ತು. ಲಗ್ಗೆರೆಯ ಹುಡುಗರು ರಂಗಕ್ಕೆ ಹತ್ತಿ ಅತ್ತೆಯನ್ನು ಕುರ್ಚಿ ಸಮೇತ ಎತ್ತಿಕೊಂಡರು. ಹಾಗೆಯೇ ಎತ್ತಿಕೊಂಡು ನಮ್ಮ ವಠಾರದ ತನಕ ಬಂದರು. ದಾರಿಯುದ್ದಕ್ಕೂ ಅವಳು, ಇಳ್ಸ್ರೋ, ಬಿದ್ದೋಗ್ತೀನಿ ಎಂದು ಬೈಯುತ್ತಲೇ ಇದ್ದಳು. ಹಿಂದೆ ಅಮ್ಮ ಸೀರೆಯ ಅಂಚು ಕುರ್ಚಿಯ ಮೊಳೆಗೆ ಸಿಕ್ಕದಂತೆ ಹಿಡಿದುಕೊಂಡು ಓಡಿಬರುತ್ತಿದ್ದಳು.

ಅದಾದ ಮೇಲೆ ನಮ್ಮ ಓಣಿಯ ನಡೆಯೇ ಬದಲಾಯಿತು. ಮನೆ ಓನರ್ ತಾನೇ ಬಂದು, ಮೊದಲೇ ಹೇಳಬಾರದಿತ್ತಾ, ಇಂಥವರು ನಮ್ಮ ಮನೆಯಲ್ಲಿದ್ದಾರೆ ಅಂತ ಹೆಮ್ಮೆಪಡ್ತಿದ್ದೆ ಎಂದು ಅಮ್ಮನನ್ನೇ ಗದರಿದ. ಅಮ್ಮ ಈಗ ಬಂದವರಿಗೆಲ್ಲ, ಇವರು ನಮ್ಮ ಅತ್ತಿಗೆ, ಕಂಪನಿಯಲ್ಲಿ ರಾಣಿ ಪಾರ್ಟು ಮಾಡ್ತಿದ್ರು ಎಂದು ಕೇಳುವುದಕ್ಕೆ ಮುಂಚೆಯೇ ಹೇಳುತ್ತಿದ್ದಳು. ಮಕ್ಕಳು ಕೋಳಿ ಆಟವನ್ನೇನೂ ಬಿಡಲಿಲ್ಲ. ಅದರ ಹಿಂದೆಯೇ ರಾಣಿಯ ಆಟ ಶುರುವಾಯಿತು. ಯಾರಿಗೆ ಕೋಳಿ ಪದ ಬರುತ್ತದೋ ಅವರಿಗೆ ರಾಣಿಯ ಹಾಡೂ ಬರಬೇಕು, ಇಲ್ಲದಿದ್ದರೆ ಆಟಕ್ಕಿಲ್ಲ ಎಂಬ ನಿಯಮವಾಯಿತು. ಕೈ ಹೇಗೆ ಎತ್ತಬೇಕೆಂದು ಅತ್ತೆಯೇ ಜಗಲಿಯ ಮೇಲೆ ಕೂತು ತಿದ್ದುತ್ತಿದ್ದಳು. ಬಲಗೈ ಎತ್ತಿದವರಿಗೆ ಅವರೆಕಾಯಿ ಸಿಪ್ಪೆಯ ಏಟು.

ಮಾರನೆಯ ಬೇಸಿಗೆಯಲ್ಲಿ ‘ಭಲೇ ಬಾಡಿಗೆದಾರ’ ಟೆಂಟಿಗೆ ಎರಡನೆಯ ಸಲ ಬಂತು. ಅತ್ತೆಯನ್ನು ಕರೆದುಕೊಂಡು ಹೋಗಲು ಲಿಂಗರಾಜಣ್ಣನೇ ಬಂದರು. ಟೆಂಟಿನಲ್ಲಿ ಅರ್ಧ ನಮ್ಮ ಬಡಾವಣೆಯ ಜನ. ಕೋಳಿಗೂಡಿನ ಸೀನು ಬರುತ್ತಿದ್ದ ಹಾಗೆ ಅವರೆಲ್ಲ ಪರದೆ ಬಿಟ್ಟು ಹೆಂಗಸರ ಕಡೆ ತಿರುಗಿ ಚಪ್ಪಾಳೆ ಹೊಡೆದರು. ಬೇರೆ ಕಡೆಯಿಂದ ಬಂದವರಿಗೆ ಏನೂ ತಿಳಿಯಲಿಲ್ಲ. ನಮ್ಮ ಹಿಂದೆ ಕೂತಿದ್ದ ಸೊಪ್ಪಿನ ನಂಜಮ್ಮ ತನ್ನ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ ಗಟ್ಟಿಯಾಗಿ ಹೇಳುತ್ತಿದ್ದಳು.

“ಇದು ನಮ್ ಕನಕಮ್ಮೋರ್ ಪದ. ಅವನು ಇವರನ್ನ ನೋಡಿ ಕಲ್ತಿದ್ದು. ನಿಂಗೆ ಗೊತ್ತಿಲ್ವಾ?”

ಆ ಸಲ ಅತ್ತೆ ನಕ್ಕಳು. ಅಮ್ಮನ ತೊಡೆ ಗುದ್ದಿ ಗುದ್ದಿ, ಕೆಮ್ಮು ಬರುವವರೆಗೆ ನಕ್ಕಳು. ಒಂದು ಸಿನಿಮಾ ಎರಡು ಸಲದ ನಡುವೆ ಹೀಗೆ ಬೇರೆಯೇ ಆಗಿಬಿಡುವುದನ್ನು ನಾನು ಆಮೇಲೆ ನೋಡಿಲ್ಲ. ಪರದೆಯ ಮೇಲೆ ಒಂದು ಚೂರೂ ಬದಲಾಗಿರಲಿಲ್ಲ. ಬದಲಾದದ್ದು ಕೆಳಗೆ ಕೂತಿದ್ದ ನಾವು.

ಅತ್ತೆ ಇನ್ನೂ ಕೆಲವು ವರ್ಷ ಇದ್ದಳು. ಕೊನೆಯವರೆಗೂ ಗಟ್ಟಿಯಾಗಿಯೇ ಹಾಡಿಕೊಂಡಿದ್ದಳು. ಅವಳು ಹೋದ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದು ಹರಿದು ಹೋಯಿತು, ಯಾರೂ ಹಿಡಿಯಲಿಲ್ಲ. ಆಮೇಲೆ ಅಪ್ಪ ನಿವೃತ್ತರಾದರು, ನಾವು ಕೆಂಗೇರಿಯ ಕಡೆ ಮನೆ ಮಾಡಿದೆವು. ವಠಾರ ಬಿದ್ದು ಅಲ್ಲೊಂದು ಮೂರಂತಸ್ತಿನ ಬಟ್ಟೆ ಅಂಗಡಿ ಎದ್ದಿತು. ಟೆಂಟು ಇದ್ದ ಜಾಗ ಯಾವುದೆಂದು ಈಗ ನನಗೇ ತೋರಿಸಲಾಗುವುದಿಲ್ಲ. ಅಪ್ಪ ಹೋದರು, ಅಮ್ಮ ಹೋದಳು. ಹೋದ ವರ್ಷ ಲಿಂಗರಾಜಣ್ಣನೂ ಹೋದರು. ಕಡೆಯ ಸಲ ಅವರನ್ನು ನೋಡಲು ಹೋದಾಗ ಅವರ ಮಗ, ಆ ಸಂಜೆಯ ರೆಕಾರ್ಡಿಂಗ್ ಏನಾದರೂ ಇದೆಯಾ ಆಂಟಿ, ಅಪ್ಪ ಅದನ್ನೇ ಹೇಳ್ತಿರ್ತಾರೆ ಎಂದು ಕೇಳಿದ. ಇಲ್ಲ. ಯಾರೂ ಟೇಪು ಹಿಡಿಯಲಿಲ್ಲ, ಫೋಟೋ ಕೂಡ ತೆಗೆಯಲಿಲ್ಲ. ಆ ಮೈದಾನದಲ್ಲಿ ಕೂತು ನಕ್ಕು ಅತ್ತು ಮತ್ತೆ ನಕ್ಕವರ ಹತ್ತಿರ ಮಾತ್ರ ಅದು ಇತ್ತು. ಅವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದಾರೆ. ರಂಗದ ಮೇಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಅದಕ್ಕೇ ಇಷ್ಟೆಲ್ಲ ಹೇಳಿದೆ. ನೀವು ಅಲ್ಲಿರಲಿಲ್ಲ, ಆದರೂ ಇಷ್ಟು ಹೊತ್ತು ಕೂತು ಕೇಳಿದಿರಿ.